ಕಳೆದುಹೋದ ಪುಸ್ತಕ ಹುಡುಕಿದ ಜನ: ಕರೆನ್ ಭಾಷೆಯ ಕಥೆ

1/10

ಒಂದು ಪುಸ್ತಕ ಇದೆ. ಊರಲ್ಲಿ ಒಬ್ಬರಿಗೂ ಅದನ್ನ ಓದೋಕೆ ಬರಲ್ಲ. ಆದ್ರೂ ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಹತ್ತಾರು ವರ್ಷದಿಂದ ಅದಕ್ಕೆ ಕೈಮುಗೀತಿದ್ದಾರೆ.

ಇದು 1828ರ ಮಾತು. ಜಾಗ, ಬರ್ಮಾದ ದಕ್ಷಿಣ ಕರಾವಳಿಯ ತವಾಯ್. (ಈಗ ದವೆ ಅಂತಾರೆ.) ಎರಡು ವರ್ಷದ ಹಿಂದಷ್ಟೇ, 1826ರಲ್ಲಿ, ಮೊದಲ ಆಂಗ್ಲೋ-ಬರ್ಮೀಸ್ ಯುದ್ಧ ಮುಗಿದು ಆ ಕರಾವಳಿ ಬ್ರಿಟಿಷರ ಕೈಗೆ ಬಂದಿತ್ತು. ಅಲ್ಲಿಗೆ ಜಾರ್ಜ್ ಬೋರ್ಡ್‌ಮನ್ ಅನ್ನೋ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಬಂದು ಮನೆ ಮಾಡಿದ್ದ. ಒಂದಿನ ಬೆಟ್ಟದ ಕಡೆಯಿಂದ ಒಂದಷ್ಟು ಜನ ಅವನ ಮನೆ ಬಾಗಿಲಿಗೆ ಬಂದರು. ಜೊತೆಗೆ ಆ ಪುಸ್ತಕವನ್ನ ಕಾಯುತ್ತಿದ್ದ ಮುದುಕನೂ ಇದ್ದ. ವರ್ಷಗಳ ಹಿಂದೆ ಯಾರೋ ದಾರಿಹೋಕ ಕೊಟ್ಟುಹೋಗಿದ್ದ ಪುಸ್ತಕ ಅದು. "ಇದರಲ್ಲಿ ಏನಿದೆ ನೋಡಿ ಹೇಳಿ" ಅಂದರು.

ಸುತ್ತಿದ್ದ ಬಟ್ಟೆ ಒಂದೊಂದೇ ಪದರ ಬಿಚ್ಚಿದಾಗ ಸಿಕ್ಕಿದ್ದು ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕ, ಜೊತೆಗೆ ಕೀರ್ತನೆಗಳು. ಆಕ್ಸ್‌ಫರ್ಡ್‌ನಲ್ಲಿ ಅಚ್ಚಾಗಿದ್ದು.

ಅದನ್ನ ತಂದವರು ಕರೆನ್ ಜನ. ಓದೋಕೆ ಬರದ ಪುಸ್ತಕವನ್ನ ಇಷ್ಟು ಜೋಪಾನ ಮಾಡೋಕೆ ಅವರಿಗೊಂದು ಕಾರಣ ಇತ್ತು. ಆ ಕಾರಣವೇ ಈ ಸರಣಿಯ ವಿಷಯ. ಹತ್ತು ಪೋಸ್ಟ್ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

2/10

ಮೊದಲು ಯಾರಿವರು ಅಂತ ನೋಡೋಣ.

ಮ್ಯಾನ್ಮಾರ್‌ನ ಪೂರ್ವದ ಬೆಟ್ಟಗಳು, ಐರಾವತಿ ನದಿಯ ಮುಖಜ ಭೂಮಿ, ತೆನಸರಿಂ ಕರಾವಳಿ, ಗಡಿ ದಾಟಿದರೆ ಥಾಯ್ಲೆಂಡಿನ ಪಶ್ಚಿಮ ಮತ್ತು ಉತ್ತರದ ಕಾಡು. ಇಷ್ಟೂ ಕಡೆ ಇದ್ದಾರೆ. ಎಷ್ಟು ಜನ ಅಂತ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳ್ತಾರೆ. 2014ರ ಮ್ಯಾನ್ಮಾರ್ ಜನಗಣತಿಯಲ್ಲಿ ಜನಾಂಗದ ಪ್ರಶ್ನೆ ಕೇಳಿದ್ರು, ಆದ್ರೆ ಅದರ ಅಂಕಿಅಂಶ ಹೊರಗೆ ಬಿಡಲಿಲ್ಲ. ಹಾಗಾಗಿ ಹತ್ತಾರು ಲಕ್ಷ ಅಂತಷ್ಟೇ ಇಟ್ಕೊಳ್ಳಿ.

"ಕರೆನ್" ಅನ್ನೋದು ಹೊರಗಿನವರು ಇಟ್ಟ ಹೆಸರು. ಬರ್ಮೀಸರು ಕಯಿನ್ ಅಂತಾರೆ. ಸ್ಗಾ ಕರೆನ್ನರು ತಮ್ಮನ್ನ ತಾವು ಕರೆದುಕೊಳ್ಳೋ ಪದಕ್ಕೆ ಅರ್ಥ ಬರೀ "ಮನುಷ್ಯರು".

ಕರೆನ್ ಅನ್ನೋದು ಒಂದೇ ಭಾಷೆ ಅಲ್ಲ, ಒಂದು ಕುಟುಂಬ. ಸ್ಗಾ, ಪ್ವೊ ಇವೆರಡು ದೊಡ್ಡವು. ಪಾ-ಓ, ಕಯಾ, ಬ್ವೆ ಹೀಗೆ ಇನ್ನೂ ಇವೆ. ಸ್ಗಾ ಮಾತಾಡೋನಿಗೆ ಪ್ವೊ ತಾನಾಗೇ ಅರ್ಥ ಆಗಲ್ಲ. ಕನ್ನಡ, ತುಳು, ಕೊಡವ ಒಂದೇ ಮನೆಯವು ಅಂದಹಾಗೆ, ಆದ್ರೂ ಕಲೀದೆ ತುಳು ಅರ್ಥ ಆಗುತ್ತಾ? ಹಾಗೆ. (ಇದನ್ನ ನೆನಪಿಟ್ಕೊಳ್ಳಿ. ಮುಂದೆ ಇದೇ ಒಂದು ನೋವಾಗುತ್ತೆ.)

ಟಿಬೆಟನ್, ಬರ್ಮೀಸ್ ಥರದ ನೆಂಟರೆಲ್ಲ ನಮ್ಮ ಹಾಗೆ ಕ್ರಿಯಾಪದವನ್ನ ಕೊನೆಗೆ ಇಡ್ತಾರೆ. ನಾನು ಅನ್ನ ತಿಂದೆ. ಕರೆನ್ ಮಾತ್ರ "ನಾನು ತಿಂದೆ ಅನ್ನ" ಅನ್ನುತ್ತೆ. ಪಕ್ಕದ ಮೋನ್, ಥಾಯ್ ಭಾಷೆಗಳ ಸಹವಾಸ ಅಂತ ಹೇಳೋರಿದ್ದಾರೆ. ಸ್ಗಾ ಮಾತಲ್ಲಿ ಪದದ ತುಂಡುಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ. ದನಿ ಏರಿತೋ ಇಳಿಯಿತೋ ಅನ್ನೋದರ ಮೇಲೆ ಅರ್ಥವೇ ಬದಲಾಗುತ್ತೆ.

ಮನೆತನದ ಹೆಸರು ಇಲ್ಲ. ಸ್ಗಾ ಗಂಡಸಿನ ಹೆಸರಿನ ಮುಂದೆ "ಸಾ", ಹೆಂಗಸಿನ ಹೆಸರಿನ ಮುಂದೆ "ನಾ". ಪ್ವೊ ಜನರಲ್ಲಿ "ಮಾನ್" ಮತ್ತು "ನಾನ್". ಹೆಸರು ಕೇಳಿದ ಕೂಡಲೇ ಯಾವ ಕಡೆಯವರು ಅಂತ ಗೊತ್ತಾಗುತ್ತೆ.

ಇನ್ನು ದಾರಿಯಲ್ಲಿ ಯಾರಾದ್ರೂ ಎದುರಾದ್ರೆ ಕುಶಲ ಕೇಳೋದು ಹೇಗೆ ಗೊತ್ತಾ? "ಊಟ ಆಯ್ತಾ?" ಹೌದು, ಅಲ್ಲೂ ಅದೇ.

3/10

ಈಗ ಪುಸ್ತಕಕ್ಕೆ ಬರೋಣ.

ಕರೆನ್ನರ ಹಳೇ ಕಥೆಗಳಲ್ಲಿ ಯ್ವಾ ಅನ್ನೋ ಸೃಷ್ಟಿಕರ್ತ ಬರ್ತಾನೆ. ಅವನು ದೂರ ಹೊರಡುವ ಮುಂಚೆ ಮಕ್ಕಳಿಗೆಲ್ಲ ಒಂದೊಂದು ಪುಸ್ತಕ ಕೊಟ್ಟ. ದೊಡ್ಡ ಮಗ ಕರೆನ್. ಅವನಿಗೋ ಗದ್ದೆ ಕೆಲಸ. ಪುಸ್ತಕವನ್ನ ಮರದ ಬೊಡ್ಡೆ ಮೇಲಿಟ್ಟು ಕಳೆ ಕೀಳೋಕೆ ಹೋದ. ಮಳೆ ಬಂತು, ನೆನೀತು. ಒಣಗಲಿ ಅಂತ ಎತ್ತಿಟ್ಟರೆ ಕೆಳಗೆ ಬಿತ್ತು, ಕೋಳಿ ಕೆರೆದು ಹರಿದವು, ಹಂದಿ ತಿಂದಿತು. ಕಿರಿಯ ತಮ್ಮ, ಬಿಳಿಯ, ತನ್ನ ಪುಸ್ತಕವನ್ನ ಜೋಪಾನ ಮಾಡ್ಕೊಂಡು ಸಮುದ್ರ ದಾಟಿ ಹೋದ. ಮುಂದೊಂದು ದಿನ ಅವನೇ ಅಣ್ಣನ ಪುಸ್ತಕ ವಾಪಸ್ ತರ್ತಾನೆ.

ಊರಿಗೊಂದು ಪಾಠಾಂತರ ಇದೆ. ಕೆಲವು ಕಡೆ ಪುಸ್ತಕ ಚರ್ಮದ್ದು, ಕೆಲವು ಕಡೆ ಬಂಗಾರದ್ದು, ಕೆಲವು ಕಡೆ ಕಳೆದದ್ದು ಬೆಂಕಿಯಲ್ಲಿ. ಕೋಳಿ ಮಾತ್ರ ಬಹಳ ಕಡೆ ಬರುತ್ತೆ. ಕೋಳಿಯ ತೊಡೆಮೂಳೆ ನೋಡಿ ಶಕುನ ಹೇಳೋದು ಕರೆನ್ನರ ಹಳೇ ಪದ್ಧತಿ. ಅಕ್ಷರ ತಿಂದಿದ್ದು ಕೋಳಿ, ಹಾಗಾಗಿ ಜ್ಞಾನ ಅದರ ಮೂಳೆಯಲ್ಲಿದೆ. ತರ್ಕ ಹೇಗಿದೆ ನೋಡಿ!

"ಇದೆಲ್ಲ ಮಿಷನರಿಗಳೇ ಹುಟ್ಟಿಸಿದ ಕಥೆ" ಅಂತ ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಬಿಳಿಯ ತಮ್ಮನ ಭಾಗ ಬರೆದಿಟ್ಟವರು ಬಿಳಿಯರೇ, ಅದನ್ನ ಮರೀಬಾರದು. ಆದ್ರೆ ಪುಸ್ತಕ ಕಳೆದುಕೊಂಡ ಕಥೆ ಕರೆನ್ನರದ್ದು ಮಾತ್ರ ಅಲ್ಲ. ಆ ಬೆಟ್ಟಸಾಲಿನ ಆಖಾ, ಲಾಹು, ವಾ ಜನರಲ್ಲೂ ಇದೆ. ಆಖಾ ಜನರ ಕಥೆಯಲ್ಲಂತೂ ಎಮ್ಮೆ ಚರ್ಮದ ಮೇಲೆ ಬರೆದಿದ್ದನ್ನ ಹಸಿವಿಗೆ ತಾವೇ ತಿಂದುಬಿಡ್ತಾರೆ. ಕೆಳಗೆ ಬಯಲಲ್ಲಿ ರಾಜರು, ಮಠ, ಶಾಸನ, ತಾಳೆಗರಿ. ಮೇಲೆ ಬೆಟ್ಟದಲ್ಲಿ ಬಾಯಿಮಾತು. ಅಕ್ಷರ ಇದ್ದವರು ತೆರಿಗೆ ಕೇಳ್ತಾರೆ, ಆಳು ಹಿಡ್ಕೊಂಡು ಹೋಗ್ತಾರೆ. ಅಕ್ಷರ ಇಲ್ಲದವನಿಗೆ "ನನಗೂ ಒಂದು ಕಾಲಕ್ಕೆ ಇತ್ತು" ಅನ್ನೋ ಕಥೆ ಯಾಕೆ ಬೇಕಾಗುತ್ತೆ ಅಂತ ಬಿಡಿಸಿ ಹೇಳಬೇಕಾ?

ಬಾಯಿಮಾತು ಅಂದ್ರೆ ಏನೂ ಇರಲಿಲ್ಲ ಅಂತಲ್ಲ. "ಥಾ" ಅಂತ ಕರೆಯೋ ಹಾಡುಗಬ್ಬ ಇದೆ. ಮದುವೆ, ಸಾವು, ಬಿತ್ತನೆ, ಪ್ರೀತಿ, ವಂಶಾವಳಿ ಎಲ್ಲದಕ್ಕೂ. ಸಾವಿನ ಮನೆಯಲ್ಲಿ ಹುಡುಗ ಹುಡುಗಿಯರು ರಾತ್ರಿಯಿಡೀ ಸವಾಲು-ಜವಾಬಿನ ಥರ ಥಾ ಹಾಡೋರು. ನಮ್ಮ ಸೋಬಾನೆ, ಬೀಗರ ಹಾಡು ನೆನಪಾದ್ರೆ ತಪ್ಪಿಲ್ಲ.

4/10

ಸರಿ, ಪುಸ್ತಕ ವಾಪಸ್ ಬಂತಾ?

ತವಾಯ್‌ನಲ್ಲೇ, 1828ರ ಮೇ ತಿಂಗಳಲ್ಲಿ, ಬೋರ್ಡ್‌ಮನ್ ಒಬ್ಬ ಕರೆನ್‌ಗೆ ದೀಕ್ಷಾಸ್ನಾನ ಕೊಟ್ಟ. ಅವನ ಹೆಸರು ಕೋ ಥಾ ಬ್ಯೂ. ಹಿಂದೆ ದರೋಡೆ, ಕೊಲೆ ಮಾಡಿದವನು. ಸಾಲಕ್ಕೆ ಜೀತಕ್ಕೆ ಬಿದ್ದವನನ್ನ ಮಿಷನರಿಗಳು ದುಡ್ಡು ಕೊಟ್ಟು ಬಿಡಿಸಿದ್ದರು. ಮುಂದೆ 1840ರಲ್ಲಿ ಸಾಯೋವರೆಗೂ ಬೆಟ್ಟ ಬೆಟ್ಟ ಸುತ್ತಿ "ತಮ್ಮ ಬಂದಿದ್ದಾನೆ, ಪುಸ್ತಕ ತಂದಿದ್ದಾನೆ" ಅಂತ ಸಾರಿದ. ಸುದ್ದಿ ಹಬ್ಬಿದ್ದು ಬಿಳಿಯರಿಂದಲ್ಲ, ಇಂಥ ಕರೆನ್ನರಿಂದಲೇ.

ಆದ್ರೆ ಪುಸ್ತಕ ಕೊಡೋಕೆ ಲಿಪಿ ಬೇಕಲ್ಲ. ಆ ಕೆಲಸ ಬಿದ್ದಿದ್ದು ಮೌಲ್ಮೇನ್‌ನಲ್ಲಿದ್ದ ಜೊನಾಥನ್ ವೇಡ್ ಮೇಲೆ. ಮಜಾ ಅಂದ್ರೆ ಅವನಿಗೆ ಆಗ ಕರೆನ್ ಭಾಷೆಯೇ ಬರ್ತಿರಲಿಲ್ಲ! ಬರ್ಮೀಸ್ ಗೊತ್ತಿದ್ದ ಇಬ್ಬರು ಕರೆನ್ನರನ್ನ ಕೂರಿಸಿಕೊಂಡು, ಅವರ ಮಾತನ್ನ ತುಂಡು ತುಂಡಾಗಿ ಹೇಳಿಸಿ, ಒಂದೊಂದು ಸದ್ದಿಗೂ ಒಂದೊಂದು ಗುರುತು ಹಚ್ಚಿದ. ಆ ಇಬ್ಬರ ಕಿವಿ, ನಾಲಿಗೆ ಇಲ್ಲದೆ ಇದು ಆಗ್ತಿರಲಿಲ್ಲ. ಆದ್ರೂ ಲಿಪಿಗೆ ಹೆಸರು ನಿಂತಿದ್ದು ವೇಡ್‌ದು. 1832ರ ಹೊತ್ತಿಗೆ ಸ್ಗಾ ಭಾಷೆಯಲ್ಲಿ ಮೊದಲ ಅಕ್ಷರಮಾಲೆ ಪುಸ್ತಕ ಅಚ್ಚಾಯ್ತು.

ಗುರುತುಗಳನ್ನ ತಗೊಂಡಿದ್ದು ಬರ್ಮೀಸ್ ಲಿಪಿಯಿಂದ. ಫೋಟೋ ಜೂಮ್ ಮಾಡಿ ನೋಡಿ. ದುಂಡು ದುಂಡು, ಬಳೆ ಜೋಡಿಸಿಟ್ಟ ಹಾಗೆ. ಅಕ್ಷರ ಜೋಡಿಸಿರೋ ಕ್ರಮ ನಮ್ಮ ಕ-ವರ್ಗ, ಚ-ವರ್ಗದ ಕ್ರಮವೇ. ಬರ್ಮೀಸ್ ಬಂದಿದ್ದು ಮೋನ್ ಲಿಪಿಯಿಂದ. ಮೋನ್ ಬಂದಿದ್ದು ದಕ್ಷಿಣ ಭಾರತದ ಬ್ರಾಹ್ಮಿಯ ಕವಲಿನಿಂದ. ಅದು ಪಲ್ಲವರದ್ದು ಅಂತ ಕೆಲವರು, ಕದಂಬರದ್ದು ಅಂತ ಕೆಲವರು. ಇನ್ನೂ ವಾದ ಇದೆ. ದಯವಿಟ್ಟು "ಬನವಾಸಿಯಿಂದ ಬರ್ಮಾಕ್ಕೆ" ಅಂತ ರೀಲ್ ಮಾಡ್ಬೇಡಿ. ದೂರದ ನೆಂಟರು ಅಂದ್ರೆ ಸಾಕು.

ವೇಡ್ ಜೋಡಿಸಿದ ಲಿಪಿಯ ಒಂದು ಜಾಣತನ ನನಗೆ ಬಹಳ ಇಷ್ಟ. ದನಿಯ ಏರಿಳಿತಕ್ಕೆ ಐದು ಗುರುತು, ಅದನ್ನ ಪದದ ತುಂಡಿನ ಕೊನೆಗೆ ಅಕ್ಷರದ ಹಾಗೇ ಬರೆಯೋದು. ಗುರುತು ಇಲ್ಲದಿದ್ರೆ ಅದೇ ಆರನೇ ದನಿ. ಹೇಗೂ ಸ್ಗಾ ಮಾತು ಸ್ವರದಲ್ಲೇ ಮುಗಿಯೋದ್ರಿಂದ ಕೊನೆಯ ಜಾಗ ಖಾಲಿ ಇತ್ತು!

5/10

ಈ ಪೋಸ್ಟಿನ ಒಂದು ತಾರೀಕು ನೋಡಿ ನಾನು ಎದ್ದು ಕೂತೆ.

ಕನ್ನಡದ ಮೊದಲ ಪತ್ರಿಕೆ ಯಾವುದು? ಮಂಗಳೂರ ಸಮಾಚಾರ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1 ಜುಲೈ 1843. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು.

ಕರೆನ್ ಭಾಷೆಯ ಮೊದಲ ಪತ್ರಿಕೆ "ಸಾ ತೂ ಗಾ", ಅಂದ್ರೆ ಬೆಳ್ಳಿಚುಕ್ಕಿ. ತವಾಯ್‌ನಲ್ಲಿ ಶುರುವಾಗಿದ್ದು 1842.

ಸಾವಿರದ ಐನೂರು ವರ್ಷದ ಹಿಂದೆ ಹಲ್ಮಿಡಿಯಲ್ಲಿ ಕಲ್ಲಿನ ಮೇಲೆ ಬರೆದ ನಮಗಿಂತ ಒಂದು ವರ್ಷ ಮುಂಚೆ, ಬರೀ ಹತ್ತು ವರ್ಷದ ಹಿಂದೆ ಲಿಪಿ ಸಿಕ್ಕ ಭಾಷೆಯಲ್ಲಿ ಪತ್ರಿಕೆ ಬಂತು! ಬರ್ಮೀಸ್ ಭಾಷೆಗೂ ಅಷ್ಟೊತ್ತಿಗೆ ಪತ್ರಿಕೆ ಇರಲಿಲ್ಲ. ಸಾ ತೂ ಗಾ ಸುಮಾರು ಒಂದು ಶತಮಾನ ನಡೀತು.

1843ರಲ್ಲಿ ಹೊಸ ಒಡಂಬಡಿಕೆ, 1853ರಲ್ಲಿ ಪೂರ್ತಿ ಬೈಬಲ್. ಅನುವಾದದ ಮುಖ್ಯ ಕೆಲಸ ಫ್ರಾನ್ಸಿಸ್ ಮೇಸನ್‌ದು. (ಈ ಮಹಾಶಯ ಕರೆನ್ನರು ಇಸ್ರೇಲಿನ ಕಳೆದುಹೋದ ಕುಲ ಅಂತಲೂ ನಂಬಿದ್ದ. ಯ್ವಾ ಅಂದ್ರೆ ಯೆಹೋವ ಅಂತೆ. ಬಿಡಿ.) ನನಗೆ ಬೈಬಲ್‌ಗಿಂತ ದೊಡ್ಡದು ಅನ್ನಿಸೋದು 1840ರ ದಶಕದ ಕೊನೆಗೆ ಅಚ್ಚಾಗೋಕೆ ಶುರುವಾದ ಇನ್ನೊಂದು ಪುಸ್ತಕ. ಸಾ ಕಾ ತೂ ಅನ್ನೋ ಕರೆನ್ ವಿದ್ವಾಂಸ ಮತ್ತು ವೇಡ್ ಸೇರಿ ಮಾಡಿದ ಕರೆನ್ ಜ್ಞಾನಕೋಶ. ಪದಕ್ಕೆ ಅರ್ಥ ಕೊಟ್ಟು ಬಿಡೋದಲ್ಲ. ಆ ಪದದ ಹಿಂದಿನ ಆಚಾರ, ಗಾದೆ, ಕಥೆ, ಬೇಸಾಯ, ಎಲ್ಲ ಕರೆನ್‌ನಲ್ಲೇ. ನಮ್ಮ ಕಿಟ್ಟೆಲ್ ನಿಘಂಟು ಬಂದಿದ್ದು 1894ರಲ್ಲಿ.

ಆದ್ರೆ ಒಂದು ಮಾತು. ಬರೆದಿಟ್ಟವರು ಕ್ರೈಸ್ತರಾದ್ರಿಂದ, ಬರೆದ ಭಾಷೆ ಸ್ಗಾ ಆದ್ರಿಂದ, ಜಗತ್ತಿಗೆ "ಕರೆನ್" ಅಂದ್ರೆ ಸ್ಗಾ ಮಾತಾಡೋ ಕ್ರೈಸ್ತ ಅಂತ ಆಗಿಹೋಯ್ತು. ನಿಜ ಏನಂದ್ರೆ ಕರೆನ್ನರಲ್ಲಿ ಬಹುಪಾಲು ಜನ ಬೌದ್ಧರು. ಅವತ್ತೂ, ಇವತ್ತೂ.

6/10

ಹಾಗಾದ್ರೆ ಆ ಬಹುಪಾಲು ಜನಕ್ಕೆ ಪುಸ್ತಕ ಇರಲಿಲ್ವಾ? ಇತ್ತು.

ಪೂರ್ವದ ಪ್ವೊ ಕರೆನ್ನರ ಮಠಗಳಲ್ಲಿ ಮೋನ್ ಲಿಪಿಯನ್ನ ತಿದ್ದಿ ಮಾಡ್ಕೊಂಡ ಒಂದು ಬರಹ ಇದೆ. ಭಿಕ್ಷುಗಳು ತಾಳೆಗರಿಯ ಮೇಲೆ ಧರ್ಮದ ಕಥೆ, ಪಾಠಗಳನ್ನ ಪ್ವೊ ಭಾಷೆಯಲ್ಲೇ ಬರೆದಿಟ್ಟರು. ಇದಕ್ಕೆ ಬಿಳಿಯ ತಮ್ಮ ಬೇಕಾಗಲಿಲ್ಲ. ಮಿಷನರಿಗಳ ಕಥೆಯಲ್ಲಿ ಈ ಗರಿಗಳಿಗೆ ಜಾಗವೂ ಸಿಗಲಿಲ್ಲ. "ಲಿಪಿಯೇ ಇಲ್ಲದ ಜನಕ್ಕೆ ಲಿಪಿ ಕೊಟ್ಟೆವು" ಅನ್ನೋಕೆ ಇದು ಅಡ್ಡ ಬರುತ್ತಲ್ಲ.

ಇನ್ನೊಂದು ಇದೆ. ಅದು ಇನ್ನೂ ಚಂದ. 19ನೇ ಶತಮಾನದ ನಡುವೆ, ಪಾ-ಆನ್, ಹ್ಲೈಂಗ್‌ಬ್ವೆ ಕಡೆಯ ಪ್ವೊ ಜನರಲ್ಲಿ ಲೇಕೆ ಅನ್ನೋ ಪಂಥ ಹುಟ್ಟಿತು. ಮುಂದೆ ಬರಲಿರೋ ಬುದ್ಧ ಮೈತ್ರೇಯನಿಗೆ ಕಾಯೋ ಜನ. ಅವರಿಗೆ ಅವರದ್ದೇ ಲಿಪಿ. ಬರ್ಮೀಸ್ ಥರವೂ ಇಲ್ಲ, ರೋಮನ್ ಥರವೂ ಇಲ್ಲ. ಸುರುಳಿ, ಕೊಕ್ಕೆ, ಗೀರು. ಆ ಲಿಪಿಯ ಹೆಸರೇ ಏನು ಗೊತ್ತಾ? ಕೋಳಿ ಕೆರೆದ ಅಕ್ಷರ.

ಗೊತ್ತಾಯ್ತಲ್ಲ? ಕಥೆಯಲ್ಲಿ ಪುಸ್ತಕವನ್ನ ಕೋಳಿ ಕೆರೆದು ಹಾಳು ಮಾಡಿತ್ತು. ಲೇಕೆ ಜನ ಅಂದ್ರು: ಹಾಳಾಗಿಲ್ಲ, ಆ ಕೆರೆದ ಗುರುತುಗಳೇ ನಮ್ಮ ಅಕ್ಷರ. ಯಾವ ತಮ್ಮನೂ ಸಮುದ್ರದಾಚೆಯಿಂದ ತರೋ ಅಗತ್ಯ ಇಲ್ಲ, ನಮ್ಮ ಹಿತ್ತಿಲಲ್ಲೇ ಬಿದ್ದಿತ್ತು. ಇವತ್ತಿಗೂ ಪಂಥದವರು ಆ ಲಿಪಿಯನ್ನ ಮಕ್ಕಳಿಗೆ ಕಲಿಸ್ತಾರೆ.

ಇದರ ಮೇಲೆ ಥಾಯ್ಲೆಂಡಿನ ಕೆಥೊಲಿಕ್ ಕರೆನ್ನರು ರೋಮನ್ ಲಿಪಿಯಲ್ಲಿ ಬರೀತಾರೆ. ಪ್ವೊ ಕ್ರೈಸ್ತರದ್ದು ವೇಡ್ ಲಿಪಿಯ ಇನ್ನೊಂದು ರೂಪ. ಒಂದೇ ಒಂದು ಪುಸ್ತಕ ಕಳೆದುಕೊಂಡ ಜನಕ್ಕೆ ನಾಲ್ಕೈದು ಪುಸ್ತಕ ವಾಪಸ್ ಬಂದವು. ಒಬ್ಬರದ್ದು ಇನ್ನೊಬ್ಬರಿಗೆ ಓದೋಕೆ ಬರಲ್ಲ.

7/10

ಇದು ಚಿಕ್ಕ ಪೋಸ್ಟ್. ಅಕ್ಷರ ಬೇರೆ ಬೇರೆ ಆದ್ರೂ ಎಲ್ಲರೂ "ನಮ್ಮದು" ಅನ್ನೋ ಕೆಲವು ವಸ್ತುಗಳು.

ಮೊದಲ ಫೋಟೋ: ಕಪ್ಪೆ ಡ್ರಮ್. ಕಂಚಿನದು. ಮೇಲಿನ ತಟ್ಟೆಯ ಅಂಚಲ್ಲಿ ನಾಲ್ಕು ಕಡೆ ಕಪ್ಪೆ, ಕೆಲವದರಲ್ಲಿ ಒಂದರ ಬೆನ್ನ ಮೇಲೆ ಇನ್ನೊಂದು. ಎರಕ ಹೊಯ್ಯುತ್ತಿದ್ದವರು ಶಾನ್ ಕುಶಲಕರ್ಮಿಗಳು, ಕೊಳ್ಳುತ್ತಿದ್ದವರು ಕರೆನ್ನರು. ಮಳೆ ಕರೆಯೋಕೆ, ಸಾವಿಗೆ, ಹಬ್ಬಕ್ಕೆ ಬಾರಿಸೋರು. ನಮ್ಮಲ್ಲಿ ಕಪ್ಪೆ ಮದುವೆ ಮಾಡ್ತಾರಲ್ಲ, ಮಳೆಗೂ ಕಪ್ಪೆಗೂ ಇರೋ ನಂಟು ಎಲ್ಲಾ ಕಡೆ ಒಂದೇ. ಈ ಡ್ರಮ್ ಈಗ ಕರೆನ್ ಧ್ವಜದಲ್ಲಿದೆ.

ಎರಡನೇದು: ಉದ್ದನೆ ಬಿಳಿ ಅಂಗಿ ಹಾಕಿದ ಹುಡುಗಿ. ಮದುವೆ ಆಗದ ಹುಡುಗಿಯರದ್ದು ಬಿಳಿ. ಮದುವೆಯಾದ ಮೇಲೆ ಬಣ್ಣದ ರವಿಕೆ, ಬಣ್ಣದ ಲುಂಗಿ. ರವಿಕೆ ಮೇಲಿನ ಬಿಳಿ ಮಣಿ ಪ್ಲಾಸ್ಟಿಕ್ ಅಲ್ಲ, ಹುಲ್ಲಿನ ಜಾತಿಯ ಒಂದು ಗಿಡದ ಗಟ್ಟಿ ಬೀಜ. ಬಟ್ಟೆ ನೇಯೋದು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕೂರೋ ಮಗ್ಗದಲ್ಲಿ. ಮೈಯೇ ಮಗ್ಗದ ಅರ್ಧ ಭಾಗ.

ಮೂರನೇದು: ಮಣಿಕಟ್ಟಿಗೆ ಬಿಳಿ ದಾರ. ಆಗಸ್ಟ್ ಹೊತ್ತಿಗೆ ನಡೆಯೋ ಹಬ್ಬ. ಮನುಷ್ಯನ ಜೀವಕಳೆ (ಅವರು "ಕ್ಲಾ" ಅಂತಾರೆ) ಹೆದರಿಕೆಗೆ, ಕಾಯಿಲೆಗೆ ಮೈಬಿಟ್ಟು ಅಲೆಯೋಕೆ ಹೋಗುತ್ತೆ ಅಂತ ನಂಬಿಕೆ. ಹಿರಿಯರು ಅದನ್ನ ಹೆಸರಿಟ್ಟು ಮನೆಗೆ ಕರೆದು, ಮತ್ತೆ ಹೋಗದ ಹಾಗೆ ದಾರ ಕಟ್ತಾರೆ. ತಟ್ಟೆಯಲ್ಲಿ ನೀರು, ದಾರ, ಅನ್ನದ ಉಂಡೆ, ಅಂಟಕ್ಕಿ ಕಡುಬು, ಬಾಳೆಹಣ್ಣು, ಹೂವು, ಕಬ್ಬು.

ಹೊಸ ವರ್ಷವೂ ಅಷ್ಟೇ. 1930ರ ದಶಕದ ಕೊನೆಗೆ ಹಬ್ಬ ಗೊತ್ತು ಮಾಡುವಾಗ ಯಾವ ಧರ್ಮದ ಹಬ್ಬವೂ ಬೀಳದ ದಿನ ಹುಡುಕಿದ್ರು: ಡಿಸೆಂಬರ್-ಜನವರಿಯ ಪ್ಯಾತೋ ಮಾಸದ ಮೊದಲ ದಿನ. ನಮ್ಮ ಇಸವಿಗೆ 739 ಕೂಡಿಸಿದ್ರೆ ಅವರ ವರ್ಷ. 2024 ಅಂದ್ರೆ 2763. ಪೂರ್ವಜರು ವಲಸೆ ಬಂದ ಕಾಲ ಅಂತ ಹಿರಿಯರು ಹಾಕಿದ ಲೆಕ್ಕ, ಶಾಸನದ ಪುರಾವೆ ಕೇಳಬೇಡಿ.

8/10

ಈ ಭಾಗವನ್ನ ಬೇಗ ದಾಟ್ತೀನಿ. ಯುದ್ಧದ ವಿವರ ಬೇಕಾದವರಿಗೆ ಬೇಕಾದಷ್ಟು ಸಿಗುತ್ತೆ.

ಓದು ಬಂದ ಮೇಲೆ ಸಂಘ ಬಂತು. 1881ರಲ್ಲಿ ಕರೆನ್ ರಾಷ್ಟ್ರೀಯ ಸಂಘ. ಬ್ರಿಟಿಷರು ಕರೆನ್ನರನ್ನ ಸೈನ್ಯಕ್ಕೆ, ಪೊಲೀಸಿಗೆ ಸೇರಿಸಿಕೊಂಡು ಬರ್ಮೀಸರ ದಂಗೆ ಅಡಗಿಸಿದ್ರು. ಆ ಸೇಡು ಉಳೀತು. 1942ರಲ್ಲಿ ಜಪಾನೀಯರ ಜೊತೆ ಬಂದ ಬರ್ಮಾ ಸ್ವಾತಂತ್ರ್ಯ ಸೇನೆಯವರು ಮುಖಜ ಭೂಮಿಯ ಮ್ಯಾಂಗ್‌ಮ್ಯಾ ಸುತ್ತ ಕರೆನ್ನರನ್ನ ಕೊಂದರು. ಬೆಟ್ಟದ ಕರೆನ್ನರು ಜಪಾನೀಯರ ವಿರುದ್ಧ ಕೊನೆವರೆಗೂ ಬ್ರಿಟಿಷರ ಜೊತೆ ನಿಂತರು. ಯುದ್ಧ ಮುಗಿದ ಮೇಲೆ 1946ರಲ್ಲಿ ಅವರ ನಿಯೋಗ ಲಂಡನ್ನಿಗೆ ಹೋಗಿ ಪ್ರತ್ಯೇಕ ರಾಜ್ಯ ಕೇಳಿತು. ಚಹಾ ಸಿಕ್ಕಿತು, ರಾಜ್ಯ ಸಿಗಲಿಲ್ಲ.

4 ಜನವರಿ 1948, ಬರ್ಮಾ ಸ್ವತಂತ್ರ. ಅದರ ಸೇನೆಯ ಮೊದಲ ಮುಖ್ಯಸ್ಥ ಸ್ಮಿತ್ ಡನ್ ಒಬ್ಬ ಕರೆನ್! ಒಂದೇ ವರ್ಷ. 31 ಜನವರಿ 1949ರಂದು ರಂಗೂನ್ ಅಂಚಿನ ಇನ್ಸೇನ್‌ನಲ್ಲಿ ಗುಂಡು ಹಾರಿತು, ಸ್ಮಿತ್ ಡನ್ ಹುದ್ದೆ ಹೋಯ್ತು. ಆವತ್ತು ಶುರುವಾದ ಯುದ್ಧ ಪೂರ್ತಿ ನಿಂತೇ ಇಲ್ಲ. ನಾಯಕ ಸಾ ಬಾ ಊ ಜೀ 1950ರ ಆಗಸ್ಟ್‌ನಲ್ಲಿ ಸತ್ತರು. 2012ರಲ್ಲಿ ಕದನವಿರಾಮ, 2021ರ ಫೆಬ್ರವರಿಯ ಸೇನಾ ದಂಗೆಯ ನಂತರ ಮತ್ತೆ ಬಾಂಬು.

ಈ ಸರಣಿಗೆ ಮುಖ್ಯವಾದದ್ದು ಎರಡು ತಾರೀಕು.

ಒಂದು, 1962. ಜನರಲ್ ನೆ ವಿನ್ ಅಧಿಕಾರ ಹಿಡಿದ. ಮುಂದಿನ ವರ್ಷಗಳಲ್ಲಿ ಮಿಷನ್ ಶಾಲೆಗಳೆಲ್ಲ ಸರ್ಕಾರದ ಪಾಲಾದವು. ತರಗತಿಯ ಭಾಷೆ ಬರ್ಮೀಸ್. ಕರೆನ್ ಅಕ್ಷರ ಚರ್ಚಿನ ಭಾನುವಾರದ ಪಾಠಕ್ಕೆ, ಮಠದ ಬೇಸಿಗೆ ಶಿಬಿರಕ್ಕೆ, ಕಾಡಿನ ಶಾಲೆಗೆ ಸರಿಯಿತು.

ಇನ್ನೊಂದು, ಡಿಸೆಂಬರ್ 1994. ಕ್ರೈಸ್ತರೇ ಹೆಚ್ಚಿದ್ದ ನಾಯಕತ್ವದ ಮೇಲೆ ಸಿಟ್ಟಿದ್ದ ಬೌದ್ಧ ಕರೆನ್ ಸೈನಿಕರು ಒಡೆದು ಬೇರೆ ಸೇನೆ ಕಟ್ಟಿದ್ರು. ಮುಂದಿನ ತಿಂಗಳೇ, 1995ರ ಜನವರಿಯಲ್ಲಿ, ಕರೆನ್ನರ ರಾಜಧಾನಿಯಂತಿದ್ದ ಮಾನರ್‌ಪ್ಲಾ ಬಿತ್ತು. ಐದನೇ ಪೋಸ್ಟಿನ ಕೊನೆಯ ಮಾತು ಇನ್ನೊಂದ್ಸಲ ಓದಿ.

9/10

ಗಡಿ ದಾಟಿದ ಜನ ಥಾಯ್ಲೆಂಡಿನ ಕ್ಯಾಂಪುಗಳಲ್ಲಿ ಬಿದ್ದರು. 1984ರಿಂದ. ಮಾ ಲಾ ಅನ್ನೋದು ಅದರಲ್ಲಿ ದೊಡ್ಡದು. ಬಿದಿರಿನ ಗೋಡೆ, ಎಲೆ ಹೊದಿಕೆ, ತಲೆಮಾರುಗಳೇ ಅಲ್ಲಿ ಹುಟ್ಟಿ ಬೆಳೆದಿವೆ. ಆದ್ರೆ ಅಲ್ಲಿ ಒಂದು ವಿಚಿತ್ರ ಆಯ್ತು. ಸ್ವಂತ ದೇಶದ ಸರ್ಕಾರಿ ಶಾಲೆಯಲ್ಲಿ ಸಿಗದೇ ಇದ್ದದ್ದು ಕ್ಯಾಂಪಿನ ಬಿದಿರು ಶಾಲೆಯಲ್ಲಿ ಸಿಕ್ಕಿತು. ಗಣಿತ, ವಿಜ್ಞಾನ, ಇತಿಹಾಸ ಎಲ್ಲ ಕರೆನ್‌ನಲ್ಲಿ.

ಯಾವ ಕರೆನ್? ಸ್ಗಾ.

ಎರಡನೇ ಪೋಸ್ಟಲ್ಲಿ ನೆನಪಿಟ್ಕೊಳ್ಳಿ ಅಂದಿದ್ದೆ. ಬರ್ಮೀಸ್ ಹೇರಿಕೆ ತಪ್ಪಿಸಿಕೊಂಡು ಬಂದ ಪ್ವೊ ಮಗು ಈಗ ಸ್ಗಾ ಕಲಿತು ಪಾಠ ಕೇಳಬೇಕು. ಚಳವಳಿಗೆ ಒಂದು ಭಾಷೆ ಬೇಕಿತ್ತು, ಪುಸ್ತಕ ಇದ್ದಿದ್ದು ಸ್ಗಾದಲ್ಲಿ, ಅರ್ಥ ಆಗುತ್ತೆ. ಆದ್ರೂ ಆ ಮಗುವಿನ ಕಡೆಯಿಂದ ನೋಡಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿ, ಶಾಲೆಗೆ ಬಂದು ಕನ್ನಡದ ಮುಂದೆ ತಬ್ಬಿಬ್ಬಾದವರು ನಮ್ಮಲ್ಲೂ ಇದ್ದೀರಿ. ಬೇಕಾದ್ರೆ ಕಮೆಂಟಲ್ಲಿ ಬರೀರಿ, ನಾನು ಓದ್ತೀನಿ.

ಮ್ಯಾನ್ಮಾರ್ ಸರ್ಕಾರಿ ಶಾಲೆಗಳಲ್ಲಿ 2010ರ ದಶಕದಲ್ಲಿ ಜನಾಂಗಗಳ ಭಾಷೆಯನ್ನ ಒಂದು ಪಾಠವಾಗಿ ಒಳಗೆ ಬಿಟ್ಟರು. ಬರೀ ಒಂದು ಪಾಠವಾಗಿ.

ಅಕ್ಷರದ ಜಗಳ ಫೋನಿಗೂ ಬಂತು. ನಮಗೆ ಗೊತ್ತಿರೋ ಕಾಟವೇ. ಹಳೇ ಫಾಂಟಲ್ಲಿ ಟೈಪ್ ಮಾಡಿದ ಕನ್ನಡ ಫೈಲು ಬೇರೆ ಕಂಪ್ಯೂಟರಲ್ಲಿ ತೆಗೆದ್ರೆ ಅಕ್ಷರ ಹೋಗಿ ಕಸ ಕಾಣಿಸುತ್ತಲ್ಲ? ಮ್ಯಾನ್ಮಾರ್‌ನಲ್ಲಿ ಅದರ ಹೆಸರು ಜಾಜೀ. ಬರ್ಮೀಸ್ ಬರೆಯೋಕೆ ಎಲ್ಲರೂ ಬಳಸುತ್ತಿದ್ದ ಫಾಂಟ್. ಯೂನಿಕೋಡ್‌ನಲ್ಲಿ ಕರೆನ್, ಮೋನ್, ಶಾನ್ ಅಕ್ಷರಗಳಿಗೆ ಅಂತ ಇದ್ದ ಜಾಗಗಳನ್ನೇ ಅದು ಬರ್ಮೀಸ್ ಅಕ್ಷರದ ಬೇರೆ ಬೇರೆ ಆಕಾರಕ್ಕೆ ಬಳಸಿಕೊಂಡಿತ್ತು. ಅಂದ್ರೆ ಜಾಜೀ ಇರೋ ಫೋನಲ್ಲಿ ಕರೆನ್ ಸಂದೇಶ ಬಂದ್ರೆ ಕಾಣಿಸೋದು ಅರ್ಥವಿಲ್ಲದ ಬರ್ಮೀಸ್ ತುಣುಕು. ಸ್ಗಾ ಅಕ್ಷರಗಳು 2008ರಲ್ಲೇ ಯೂನಿಕೋಡ್ ಸೇರಿದ್ವು. ದೇಶ ಅಧಿಕೃತವಾಗಿ ಯೂನಿಕೋಡ್‌ಗೆ ಬದಲಾಗಿದ್ದು 1 ಅಕ್ಟೋಬರ್ 2019ಕ್ಕೆ. ಮಧ್ಯದ ಹನ್ನೊಂದು ವರ್ಷ ಮಗಳು ಅಮ್ಮನಿಗೆ ಕರೆನ್‌ನಲ್ಲಿ ಮೆಸೇಜ್ ಮಾಡ್ಬೇಕಂದ್ರೆ ಅಕ್ಷರದ ಫೋಟೋ ತೆಗೆದು ಕಳಿಸಬೇಕಿತ್ತು, ಇಲ್ಲಾ ವಾಯ್ಸ್ ನೋಟ್. ಮತ್ತೆ ಬಾಯಿಮಾತಿಗೇ ಬಂದ ಹಾಗೆ.

10/10

ಇಷ್ಟೆಲ್ಲ ಓದಿ "ಎಲ್ಲೋ ಬರ್ಮಾದ ಕಥೆ" ಅಂದ್ಕೊಂಡ್ರಾ? ಕರೆನ್ನರು ನಮ್ಮ ದೇಶದಲ್ಲೂ ಇದ್ದಾರೆ.

ಅಂಡಮಾನಿಗೆ ಹೋಗೋರು ಪೋರ್ಟ್ ಬ್ಲೇರ್, ಹ್ಯಾವ್ಲಾಕ್ ನೋಡಿ ವಾಪಸ್ ಬರ್ತೀರಿ. ಇನ್ನೂ ಉತ್ತರಕ್ಕೆ ಹೋದ್ರೆ ಮಧ್ಯ ಅಂಡಮಾನಿನ ತುದಿಯಲ್ಲಿ ಮಾಯಾಬಂದರ್. ಅಲ್ಲಿಂದ ಸ್ವಲ್ಪ ದೂರ ವೇಬಿ ಅನ್ನೋ ಹಳ್ಳಿ. 1925ರಲ್ಲಿ ಬ್ರಿಟಿಷರಿಗೆ ಅಂಡಮಾನಿನ ಕಾಡು ಕಡಿಯೋಕೆ, ಮರ ಸಾಗಿಸೋಕೆ ಕಾಡು ಗೊತ್ತಿದ್ದ ಜನ ಬೇಕಿತ್ತು. ಐರಾವತಿಯ ಮುಖಜ ಭೂಮಿಯ ಬಸೇನ್ ಕಡೆಯಿಂದ ಒಂದಷ್ಟು ಕರೆನ್ ಕುಟುಂಬಗಳು ತಮ್ಮ ಪಾದ್ರಿಯ ಜೊತೆ ಹಡಗು ಹತ್ತಿದ್ವು. ಆಗ ಬರ್ಮಾ, ಭಾರತ ಎರಡೂ ಒಂದೇ ಆಡಳಿತದ ಕೆಳಗಿದ್ದವು. 1937ರಲ್ಲಿ ಬರ್ಮಾ ಬೇರೆಯಾಯ್ತು. ಆಮೇಲೆ ಯುದ್ಧ, ಆಮೇಲೆ ಸ್ವಾತಂತ್ರ್ಯ. ಮಧ್ಯದ ಸಮುದ್ರ ಅಂತರರಾಷ್ಟ್ರೀಯ ಗಡಿ ಆಯ್ತು. ಇವರು ಭಾರತೀಯರಾದ್ರು. 2025ಕ್ಕೆ ನೂರು ವರ್ಷ.

ಕಾಡು, ಕಡಲು ಇಬ್ಬರ ಜೊತೆಗೂ ಸಲಿಗೆ ಇರೋ ಜನ. ಆಮೆ, ಹಾವು, ಹವಳ ಅಂತ ಅಂಡಮಾನಿನ ಜೀವಿಗಳ ಅಧ್ಯಯನಕ್ಕೆ ಹೋದ ವಿಜ್ಞಾನಿಗಳಿಗೆ ದಾರಿ ತೋರಿಸಿದವರಲ್ಲಿ ಈ ಕರೆನ್ನರು ಮುಂದೆ ಇದ್ದಾರೆ.

ಮಕ್ಕಳು ಶಾಲೆಯಲ್ಲಿ ಹಿಂದಿ ಕಲೀತಾರೆ, ಬೀದಿಯಲ್ಲೂ ಹಿಂದಿ. ಕರೆನ್ ಅಕ್ಷರ ಉಳಿದಿರೋದು ಮುಖ್ಯವಾಗಿ ಚರ್ಚಿನಲ್ಲಿ. ಭಾನುವಾರ ಬಿಚ್ಚೋ ಬೈಬಲ್ ಸ್ಗಾ ಲಿಪಿಯದ್ದು, ಮೌಲ್ಮೇನ್‌ನಲ್ಲಿ ಇಬ್ಬರು ಕರೆನ್ನರು ತುಂಡು ತುಂಡಾಗಿ ಹೇಳಿಕೊಟ್ಟ ಅದೇ ಅಕ್ಷರ. ಅಜ್ಜಿಗೆ ಓದೋಕೆ ಬರುತ್ತೆ. ಮೊಮ್ಮಗನಿಗೆ ಹಾಡು ಬಾಯಿಗೆ ಬರುತ್ತೆ, ಅಕ್ಷರ ಕಷ್ಟ.

ವೇಬಿ ಅಂದ್ರೆ ಕರೆನ್‌ನಲ್ಲಿ "ಅಡಗಿದ ಊರು" ಅಂತೆ. ಮಾಯಾಬಂದರ್ ಕಡೆ ಹೋದ್ರೆ ಒಂದು ಸುತ್ತು ಹೋಗಿ ಬನ್ನಿ. ಯಾರಾದ್ರೂ ಊಟ ಆಯ್ತಾ ಅಂತ ಕೇಳಿದ್ರೆ ಆಶ್ಚರ್ಯ ಪಡಬೇಡಿ. ಬರುವಾಗ "ತಾ ಬ್ಲೂ" ಅನ್ನಿ. ಥ್ಯಾಂಕ್ಸ್ ಅಂತ.

#ಕರೆನ್ #ಬರ್ಮಾ #ಅಂಡಮಾನ್ #ಲಿಪಿಕಥೆ #ಇತಿಹಾಸ #ಕನ್ನಡ